ಧರ್ಮಕೇಂದ್ರದ ಶಾಲೆ: ಬಾಳಿನುದ್ದಕ್ಕೂ ಉಳಿಯುವ ಬುತ್ತಿ

(ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ – ಜುಲೈ 26)



ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ಧರ್ಮಸಭೆ ಜುಲೈ 26ರಂದು ಆಚರಿಸುತ್ತದೆ. ಇವರ ಹೆಸರು ಪವಿತ್ರ ಬೈಬಲಿನಲ್ಲಿ ಬರುವುದಿಲ್ಲ. ಆದಿ ಕ್ರೈಸ್ತರ ಪರಂಪರೆಯಿಂದ ನಮಗೆ ಬಂದಿದೆ. ಆದರೂ ಸಂತ ಅನ್ನಮ್ಮನವರ ಸ್ವರೂಪವನ್ನು ನಾವೆಲ್ಲರೂ ಒಂದಲ್ಲ ಒಂದು ದೇವಾಲಯದಲ್ಲಿ ನೋಡಿದ್ದೇವೆ. ಕೈಯಲ್ಲಿ ತೆರೆದ ಪುಸ್ತಕ, ಪಕ್ಕದಲ್ಲಿ ಪುಟ್ಟ ಬಾಲಕಿ ಮರಿಯ. ತಾಯಿ ಮಗಳಿಗೆ ಓದು ಕಲಿಸುತ್ತಿದ್ದಾರೆ. ಅದು ಶತಮಾನಗಳ ಭಕ್ತಿ ಕಲ್ಪಿಸಿಕೊಂಡ ಚಿತ್ರ. ಆದರೆ ಅದು ಹೇಳುವ ಮಾತು ಮಾತ್ರ ಸತ್ಯ: ದೇವರ ವಾಕ್ಯಕ್ಕೆ ತಲೆಬಾಗಿ ಒಪ್ಪಿಗೆ ಕೊಟ್ಟ ಆ ತಾಯಿಗೂ ಒಂದು ಬಾಲ್ಯವಿತ್ತು, ಆ ಬಾಲ್ಯದಲ್ಲಿ ಆಕೆಗೆ ಕಲಿಸಿದವರಿದ್ದರು.

ಯೇಸುಸ್ವಾಮಿಯ ಬಗ್ಗೆಯೂ ಸಂತ ಲೂಕರು ಇದನ್ನೇ ತಿಳಿಸುತ್ತಾರೆ. ಅವರು ನಜರೇತಿನಲ್ಲಿ ತಂದೆತಾಯಿಗಳಿಗೆ ವಿಧೇಯರಾಗಿದ್ದು ಜ್ಞಾನದಲ್ಲಿಯೂ ಪ್ರಾಯದಲ್ಲಿಯೂ ಬೆಳೆದರು (ಲೂಕ 2:51-52). ದೇವಪುತ್ರರೇ ಕಲಿಯುವ ವಯಸ್ಸನ್ನು ದಾಟಿ ಬಂದರೆಂದ ಮೇಲೆ, ಆರರಿಂದ ಹನ್ನೆರಡು ವರ್ಷದ ನಮ್ಮ ಮಕ್ಕಳ ಕಲಿಕೆಯನ್ನು ನಾವು ಹಗುರವಾಗಿ ಕಾಣುವಂತಿಲ್ಲ.

ಇಂದು ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ: ಮಗುವನ್ನು ಯಾವ ಶಾಲೆಗೆ ಸೇರಿಸುವುದು? ದೇವಾಲಯದ ಪಕ್ಕದ ಹೆಂಚಿನ ಶಾಲೆಗೋ, ಬಾಗಿಲಿಗೇ ಹಳದಿ ಬಸ್ಸು ಬರುವ ಹೊಸ ಶಾಲೆಗೋ? ಈ ಪ್ರಶ್ನೆಗೆ ಕಟ್ಟಡ, ಬಸ್ಸು, ಸಮವಸ್ತ್ರಗಳನ್ನು ನೋಡಿ ಉತ್ತರ ಕೊಟ್ಟರೆ ಸಾಲದು. ಮಗುವಿಗೆ ನಲವತ್ತು ವರ್ಷವಾದಾಗ ಆ ಶಾಲೆಯಿಂದ ಏನು ಉಳಿದಿರುತ್ತದೆ ಎಂದು ಯೋಚಿಸಬೇಕು. ಈ ಲೇಖನದಲ್ಲಿ ನಾವು ವಿಚಾರ ಮಾಡುವುದು ಅದನ್ನೇ.

ಧರ್ಮಸಭೆ ಶಾಲೆ ತೆರೆದದ್ದು ಏಕೆ?

ಬಡವರ ಮಕ್ಕಳಿಗೆ ಅಕ್ಷರ ಕಲಿಸುವುದು ಧರ್ಮಸಭೆಗೆ ಬಿಡುವಿನ ವೇಳೆಯ ಕೆಲಸವಾಗಿರಲಿಲ್ಲ. 1597ರಲ್ಲಿ ರೋಮ್ ನಗರದ ಟ್ರಾಸ್ತೇವೆರೆ ಎಂಬ ಬಡಾವಣೆಯಲ್ಲಿ ಸಂತ ಜೋಸೆಫ್ ಕಲಸಾಂಜ್ ಅವರು ಬೀದಿಯ ಮಕ್ಕಳಿಗಾಗಿ ಉಚಿತ ಶಾಲೆಯನ್ನು ತೆರೆದರು. ಓದು, ಬರಹ, ಲೆಕ್ಕಗಳ ಜೊತೆಯಲ್ಲೇ ಧರ್ಮೋಪದೇಶ. ಶುಲ್ಕ ಕೊಡಲಾಗದವರ ಮಕ್ಕಳಿಗೂ ಕಲಿಯುವ ಹಕ್ಕಿದೆ ಎಂಬುದು ಆ ಕಾಲಕ್ಕೆ ಹೊಸ ಮಾತು. 1948ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಅವರು ಈ ಸಂತರನ್ನು ಕ್ರೈಸ್ತ ಜನಸಾಮಾನ್ಯರ ಶಾಲೆಗಳ ಪಾಲಕರೆಂದು ಸಾರಿದರು.

ಫ್ರಾನ್ಸ್ ದೇಶದ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ (1651-1719) ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಗ ಮಕ್ಕಳು ಮೊದಲು ಲತೀನ್ ಭಾಷೆಯಲ್ಲಿ ಓದಲು ಕಲಿಯಬೇಕಿತ್ತು. ಮನೆಯಲ್ಲಿ ಯಾರೂ ಆಡದ ಭಾಷೆ ಅದು. ಸ್ವಲ್ಪ ಕಾಲ ಶಾಲೆಗೆ ಬಂದು ಕೂಲಿಗೆ ಹೋಗುವ ಮಗುವಿಗೆ ಎರಡೂ ಭಾಷೆ ಬರುತ್ತಿರಲಿಲ್ಲ. ದೆ ಲಾ ಸಾಲ್ ಅವರು ಮಕ್ಕಳ ಮಾತಾದ ಫ್ರೆಂಚ್ ಭಾಷೆಯಲ್ಲೇ ಓದು ಆರಂಭಿಸಿದರು. ಒಬ್ಬೊಬ್ಬರನ್ನೇ ಕರೆದು ಪಾಠ ಒಪ್ಪಿಸಿಕೊಳ್ಳುವ ಬದಲು ಮಕ್ಕಳನ್ನು ತರಗತಿಗಳಾಗಿ ಕೂರಿಸಿ ಒಟ್ಟಿಗೆ ಕಲಿಸುವ ಪದ್ಧತಿಯನ್ನು ಬೆಳೆಸಿದರು. ಶಿಕ್ಷಕರಿಗೂ ತರಬೇತಿ ಬೇಕೆಂದು ಅದಕ್ಕೂ ಶಾಲೆ ಮಾಡಿದರು. 1950ರಲ್ಲಿ ಧರ್ಮಸಭೆ ಅವರನ್ನು ಶಿಕ್ಷಕರೆಲ್ಲರ ಪಾಲಕ ಸಂತರೆಂದು ಘೋಷಿಸಿತು.

ನಮ್ಮ ನಾಡಿಗೆ ಬರೋಣ. ಮದರ್ ವೆರೋನಿಕಾ ಅವರು 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. 1870ರಲ್ಲಿ ಆ ಸಭೆಯ ಮೂವರು ಭಗಿನಿಯರು ಮಂಗಳೂರಿಗೆ ಬಂದು ಸಂತ ಅನ್ನಮ್ಮನವರ ಹೆಸರಿನಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. ಹೆಣ್ಣುಮಗಳು ಓದಿ ಏನಾಗಬೇಕು ಎಂದು ಜನ ಕೇಳುತ್ತಿದ್ದ ಕಾಲವದು. ಅದೇ ಸಭೆ 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆಯಿತು. ನಡುವೆ ಐವತ್ತು ವರ್ಷ ಕಳೆದಿತ್ತು. ಅಂದು ಕಾಗುಣಿತ ಕಲಿತ ಬಾಲಕಿಯರ ಮಕ್ಕಳು, ಮೊಮ್ಮಕ್ಕಳು ಕಾಲೇಜಿನ ಮೆಟ್ಟಿಲೇರುವ ಕಾಲ ಬಂದಿತ್ತು. ಪ್ರಾಥಮಿಕ ಶಾಲೆಯ ಫಲವನ್ನು ಒಂದು ವರ್ಷದ ಫಲಿತಾಂಶದಲ್ಲಿ ಹುಡುಕಬಾರದು ಎನ್ನುವುದು ಇದಕ್ಕೇ. ಅದು ತೆಂಗಿನ ಸಸಿ ನೆಟ್ಟ ಹಾಗೆ. ನೆಟ್ಟವರು ಒಬ್ಬರು, ಎಳನೀರು ಕುಡಿಯುವವರು ಇನ್ನೊಬ್ಬರು.

ಕೋಲ್ಕತ್ತದ ಸಂತ ತೆರೇಸಾ ಅವರೂ ಮೂಲತಃ ಶಿಕ್ಷಕಿ. 1948ರಲ್ಲಿ ಕಾನ್ವೆಂಟ್ ಬಿಟ್ಟು ಮೋತಿಝೀಲ್ ಕೊಳೆಗೇರಿಗೆ ಇಳಿದಾಗ ಅವರು ಮೊದಲು ಕೈಗೆತ್ತಿಕೊಂಡದ್ದು ಮಕ್ಕಳ ಶಾಲೆಯನ್ನು. ಕಪ್ಪು ಹಲಗೆ ಇರಲಿಲ್ಲ, ಬೆಂಚು ಇರಲಿಲ್ಲ. ಕೋಲಿನಿಂದ ನೆಲದ ಮೇಲೆ ಅಕ್ಷರ ಬರೆದು ಕಲಿಸಿದರು. ಕೈಕಾಲು ತೊಳೆದುಕೊಳ್ಳುವುದನ್ನು ಕಲಿಸಿದರು. ಬಡವರನ್ನು ಪ್ರೀತಿಸುವುದೆಂದರೆ ಅವರ ಮಕ್ಕಳಿಗೆ ಅಕ್ಷರ ಕೊಡುವುದು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಉಳಿಯುವ ನಾಲ್ಕು ಗಳಿಕೆಗಳು

ಇಂತಹ ಶಾಲೆಯಿಂದ ಬಾಳಿನುದ್ದಕ್ಕೂ ಉಳಿಯುವುದು ಏನು? ನಾಲ್ಕು ಗಳಿಕೆಗಳನ್ನು ಮುಖ್ಯವಾಗಿ ಹೇಳಬಹುದು.

ಮೊದಲನೆಯದು, ಗಟ್ಟಿಯಾದ ತಳಪಾಯ. ಕಾಗುಣಿತ, ಮಗ್ಗಿ, ಉಕ್ತಲೇಖನ, ದುಂಡಾದ ಬರಹ. ಕೇಳಲು ಸಣ್ಣ ಸಂಗತಿಗಳು. ಆದರೆ ಮೂರನೇ ತರಗತಿ ಮುಗಿದರೂ ಸರಾಗವಾಗಿ ಓದಲು ಬಾರದ ಮಗು ನಾಲ್ಕನೇ ತರಗತಿಯಲ್ಲಿ ಎಲ್ಲ ವಿಷಯಗಳಲ್ಲೂ ಹಿಂದೆ ಬೀಳುತ್ತದೆ. ಏಕೆಂದರೆ ಅಲ್ಲಿಂದ ಮುಂದೆ ಪ್ರತಿಯೊಂದು ಪಾಠವನ್ನೂ ಓದಿಯೇ ಕಲಿಯಬೇಕು. ಅಂತಹ ಮಗುವನ್ನು ಸಂಜೆ ಗಂಟೆ ಹೊಡೆದ ಮೇಲೂ ಅರ್ಧ ತಾಸು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವ ಶಿಕ್ಷಕಿ ಆ ಮಗುವಿನ ಮುಂದಿನ ಹತ್ತು ವರ್ಷಗಳನ್ನು ಉಳಿಸುತ್ತಾರೆ. ಇದರ ಜೊತೆಗೇ ಇನ್ನೊಂದು ಪಾಠ ನಡೆಯುತ್ತಿರುತ್ತದೆ: ಲೆಕ್ಕ ತಪ್ಪಾದರೆ ಪಕ್ಕದವನ ಪುಸ್ತಕ ನೋಡಬೇಡ, ಅಳಿಸಿ ಮತ್ತೆ ಮಾಡು. ಯಾರೂ ನೋಡದಿದ್ದಾಗಲೂ ಸರಿಯಾಗಿ ಮಾಡುವ ಈ ಅಭ್ಯಾಸವೇ ಮುಂದೆ ಔಷಧದ ಪ್ರಮಾಣವನ್ನು ಎರಡನೇ ಸಲ ನೋಡುವ ದಾದಿಯನ್ನು, ಒಂದು ರೂಪಾಯಿಗೂ ಲೆಕ್ಕ ಇಡುವ ಗುಮಾಸ್ತನನ್ನು ರೂಪಿಸುತ್ತದೆ. ಅತ್ಯಲ್ಪದರಲ್ಲಿ ನಂಬಿಗಸ್ತನಾದವನು ದೊಡ್ಡದರಲ್ಲಿಯೂ ನಂಬಿಗಸ್ತನಾಗಿರುತ್ತಾನೆ ಎಂದು ಪ್ರಭು ಬೋಧಿಸಿದ್ದು (ಲೂಕ 16:10) ಈ ಮಕ್ಕಳ ವಿಷಯದಲ್ಲೂ ನಿಜ.

ಎರಡನೆಯದು, ಪ್ರಾರ್ಥನೆಯ ಭಾಷೆ. ಬೆಳಗಿನ ಪ್ರಾರ್ಥನೆ, ಊಟಕ್ಕೆ ಮುಂಚೆ ಶಿಲುಬೆಯ ಗುರುತು, ಅಕ್ಟೋಬರ್ ತಿಂಗಳ ಜಪಸರ, ಪ್ರಥಮ ಪರಮಪ್ರಸಾದದ ಸಿದ್ಧತೆ. ಬಾಯಿಪಾಠ ಮಾಡಿಸಿದರೆ ಏನು ಪ್ರಯೋಜನ ಎಂದು ಕೆಲವರು ಕೇಳುತ್ತಾರೆ. ಆಸ್ಪತ್ರೆಯ ಹಾಸಿಗೆಯ ಮೇಲಿರುವ ಎಂಬತ್ತು ವರ್ಷದವರನ್ನು ಕಂಡ ಗುರುಗಳನ್ನು ಕೇಳಿ. ಮಕ್ಕಳ ಹೆಸರು ಮರೆತುಹೋಗಿರುತ್ತದೆ, ದಿನ ವಾರ ತಿಳಿಯದು; ಆದರೆ ನಮೋ ಮರಿಯಾ ಪ್ರಾರ್ಥನೆಯನ್ನು ಆರಂಭಿಸಿದರೆ ತುಟಿಗಳು ತಾವಾಗಿ ಅಲುಗುತ್ತವೆ. ಏಳನೇ ವಯಸ್ಸಿನಲ್ಲಿ ಬಾಯಿಗೆ ಬಂದ ಪ್ರಾರ್ಥನೆ ಕಡೆಗಾಲದವರೆಗೂ ಕೈಬಿಡುವುದಿಲ್ಲ. ಅರ್ಥ ಆಮೇಲೆ, ಬದುಕಿನ ಕಷ್ಟಗಳಲ್ಲಿ, ತಾನೇ ತೆರೆದುಕೊಳ್ಳುತ್ತದೆ.

ಮೂರನೆಯದು, ಒಂದೇ ಬೆಂಚಿನ ಪಾಠ. ಧನಿಕನಿಗೆ ಮುಂದಿನ ಆಸನ ಕೊಟ್ಟು ಬಡವನನ್ನು ನೆಲದಲ್ಲಿ ಕೂರಿಸುವ ಸಭೆಯನ್ನು ಸಂತ ಯಕೋಬರು ಕಟುವಾಗಿ ಖಂಡಿಸಿದ್ದಾರೆ (ಯಕೋಬ 2:1-4). ಧರ್ಮಕೇಂದ್ರದ ಶಾಲೆಯಲ್ಲಿ ತೋಟದ ಮಾಲೀಕರ ಮಗನೂ ಅದೇ ತೋಟದ ಕೂಲಿಯವರ ಮಗಳೂ ಒಂದೇ ತರಗತಿಯಲ್ಲಿ ಕುಳಿತಿರುತ್ತಾರೆ. ಪಕ್ಕದಲ್ಲಿ ಹಿಂದೂ ಮಕ್ಕಳು, ಮುಸ್ಲಿಂ ಮಕ್ಕಳು. ನಮ್ಮ ಬಹುಪಾಲು ಶಾಲೆಗಳಲ್ಲಿ ಇತರ ಧರ್ಮದ ಮಕ್ಕಳೇ ಹೆಚ್ಚು. ಅವರ ಮೇಲೆ ನಮ್ಮ ಧರ್ಮೋಪದೇಶವನ್ನು ಹೇರುವುದಿಲ್ಲ. ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸಬಾರದೆಂದು ನಮ್ಮ ಸಂವಿಧಾನದ 28ನೇ ವಿಧಿ ಹೇಳುತ್ತದೆ. ನಮ್ಮ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಅವರಿಗೆ ನೀತಿಬೋಧೆ ಇರುತ್ತದೆ. ಆದರೆ ಬುತ್ತಿ ಹಂಚಿಕೊಳ್ಳುವಾಗ, ಕಬಡ್ಡಿ ಆಡುವಾಗ, ಗೆಳೆಯನ ಮನೆಯ ಸಾವಿಗೆ ಎಲ್ಲರೂ ಒಟ್ಟಿಗೆ ಹೋಗುವಾಗ ಕಲಿಯುವ ಪಾಠಕ್ಕೆ ಪಠ್ಯಪುಸ್ತಕವಿಲ್ಲ. ಊರಿನಲ್ಲಿ ಗಾಳಿಮಾತು ಹಬ್ಬಿ ಮನಸ್ಸುಗಳು ಒಡೆಯುವ ದಿನ ಬಂದಾಗ, ‘ಅವನು ನನ್ನ ಜೊತೆ ಓದಿದವನು, ಅವನನ್ನು ನಾನು ಬಲ್ಲೆ’ ಎಂದು ಹೇಳುವ ಒಬ್ಬ ಮನುಷ್ಯ ಇದ್ದರೆ ಸಾಕು. ಅಂಥವರನ್ನು ಮೂವತ್ತು ವರ್ಷ ಮುಂಚೆಯೇ ಸಿದ್ಧಮಾಡಬೇಕಾಗುತ್ತದೆ.

ನಾಲ್ಕನೆಯದು, ಹೆಸರಿನಿಂದ ಗುರುತಿಸಲ್ಪಡುವುದು. ಒಳ್ಳೆಯ ಕುರಿಗಾಹಿ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ (ಯೊವಾನ್ನ 10:3). ಸಣ್ಣ ಶಾಲೆಯಲ್ಲಿ ಶಿಕ್ಷಕಿಗೆ ಮಗುವಿನ ಹೆಸರಷ್ಟೇ ಅಲ್ಲ, ಅದರ ಮನೆಯೂ ಗೊತ್ತು. ಭಾನುವಾರ ಬಲಿಪೂಜೆ ಮುಗಿದ ಮೇಲೆ ತಾಯಿಯನ್ನು ಕಂಡು ‘ಮೂರು ದಿನ ಬಂದಿಲ್ಲವಲ್ಲಮ್ಮ, ಹುಷಾರಿಲ್ಲವೇ?’ ಎಂದು ಕೇಳುತ್ತಾರೆ. ಅಪ್ಪ ಕುಡಿದು ಬರುವ ಮನೆಯ ಮಗು, ತಾಯಿ ಕೊಲ್ಲಿ ದೇಶದಲ್ಲಿ ದುಡಿಯುತ್ತಿರುವ ಮಗು, ಇಂಥವರು ದೊಡ್ಡ ಶಾಲೆಯ ಹಾಜರಿ ಪುಸ್ತಕದಲ್ಲಿ ಬರೀ ಒಂದು ಸಂಖ್ಯೆಯಾಗಿ ಉಳಿದುಬಿಡಬಹುದು. ‘ನನ್ನನ್ನು ಬಲ್ಲವರಿದ್ದಾರೆ, ನಾನು ಬಾರದಿದ್ದರೆ ಯಾರಿಗಾದರೂ ಗೊತ್ತಾಗುತ್ತದೆ’ ಎಂಬ ಭರವಸೆ ಮಗುವಿನ ಬೆನ್ನೆಲುಬು.

ದೂರದ ದೇಶದಿಂದ ಒಂದು ಪಾಠ

ಈ ನಾಲ್ಕನೆಯ ಗಳಿಕೆಯ ಬಗ್ಗೆ ಅಮೆರಿಕದಲ್ಲಿ ವಿದ್ವಾಂಸರು ಅಧ್ಯಯನ ನಡೆಸಿದ್ದಾರೆ. ಅಲ್ಲಿನ ಧರ್ಮಾಧ್ಯಕ್ಷರು 1884ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಸಭೆ ಸೇರಿ, ಪ್ರತಿಯೊಂದು ಧರ್ಮಕೇಂದ್ರವೂ ಎರಡು ವರ್ಷಗಳೊಳಗೆ ಶಾಲೆ ಕಟ್ಟಬೇಕೆಂದು ತೀರ್ಮಾನಿಸಿದರು. ವಲಸೆ ಬಂದ ಬಡ ಕೂಲಿಕಾರರ ಕಾಣಿಕೆಯಿಂದ, ಭಗಿನಿಯರ ದುಡಿಮೆಯಿಂದ ಆ ಶಾಲೆಗಳು ಎದ್ದವು. 1960ರ ದಶಕದ ನಡುವಿನಲ್ಲಿ ಅಲ್ಲಿನ ಕಥೋಲಿಕ ಶಾಲೆಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಇಂದು ಉಳಿದಿರುವವರು ಸುಮಾರು 17 ಲಕ್ಷ. ಕಲಿಸುವ ಭಗಿನಿಯರು ಕಡಿಮೆಯಾದರು, ವೆಚ್ಚ ಏರಿತು, ಕುಟುಂಬಗಳು ನಗರ ಬಿಟ್ಟು ಹೊರಟವು. ಸಾವಿರಾರು ಶಾಲೆಗಳು ಮುಚ್ಚಿದವು.

ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರು 1980ರ ದಶಕದಲ್ಲಿ ಪ್ರೌಢಶಾಲೆಗಳನ್ನು ಹೋಲಿಸಿ ನೋಡಿದಾಗ, ಕಥೋಲಿಕ ಶಾಲೆಗಳಲ್ಲಿ ನಡುವೆಯೇ ಓದು ಬಿಡುವವರು ಬಹಳ ಕಡಿಮೆ ಎಂದು ಕಂಡುಬಂತು. ಅವರು ಕೊಟ್ಟ ಕಾರಣ ಗಮನಿಸುವಂಥದ್ದು: ಅಲ್ಲಿ ಮಕ್ಕಳ ತಂದೆತಾಯಿಗಳೂ ಒಬ್ಬರಿಗೊಬ್ಬರು ಪರಿಚಿತರು, ಒಂದೇ ದೇವಾಲಯದವರು. ಒಬ್ಬರ ಮಗುವಿನ ಮೇಲೆ ಹತ್ತು ಮನೆಯವರ ಕಣ್ಣಿರುತ್ತದೆ.

ಪ್ರಾಥಮಿಕ ಶಾಲೆಗಳ ಬಗ್ಗೆಯೂ ಒಂದು ಅಧ್ಯಯನವಿದೆ. ಮಾರ್ಗರೆಟ್ ಬ್ರಿನಿಗ್ ಮತ್ತು ನಿಕೋಲ್ ಗಾರ್ನೆಟ್ ಎಂಬ ಇಬ್ಬರು ಕಾನೂನು ಪ್ರಾಧ್ಯಾಪಕಿಯರು 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಶಿಕಾಗೊ ನಗರದ ಬಡಾವಣೆಗಳನ್ನು ಪರಿಶೀಲಿಸಿದರು. ಕಥೋಲಿಕ ಪ್ರಾಥಮಿಕ ಶಾಲೆ ಮುಚ್ಚಿದ ಕಡೆ ನೆರೆಹೊರೆಯವರ ನಡುವಿನ ನಂಬಿಕೆ ಕುಸಿದಿತ್ತು, ಅಶಿಸ್ತು ಹೆಚ್ಚಿತ್ತು. ಇಡೀ ನಗರದಲ್ಲಿ ಅಪರಾಧಗಳು ಇಳಿಮುಖವಾಗಿದ್ದಾಗಲೂ ಈ ಬಡಾವಣೆಗಳಲ್ಲಿ ಅವು ನಿಧಾನವಾಗಿ ಇಳಿದವು. ಎಲ್ಲ ಊರುಗಳಿಗೂ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಶಾಲೆಯೊಂದು ಮುಚ್ಚಿದರೆ ನಷ್ಟವಾಗುವುದು ಅಲ್ಲಿ ಓದುವ ಮಕ್ಕಳಿಗೆ ಮಾತ್ರವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳೂ ಇಂತಹ ಶಾಲೆಗಳ ಮಕ್ಕಳೇ. ಕಪ್ಪು ಜನಾಂಗದ ಕ್ಲಾರೆನ್ಸ್ ಥಾಮಸ್ ಅವರು ಸವಾನಾ ಊರಿನಲ್ಲಿ ಫ್ರಾನ್ಸಿಸ್ಕನ್ ಭಗಿನಿಯರ ಶಾಲೆಯಲ್ಲಿ ಓದಿದರು; ವರ್ಣಭೇದದ ಆ ದಿನಗಳಲ್ಲಿ ತಮ್ಮ ಮೇಲೆ ಭರವಸೆಯಿಟ್ಟ ಆ ಭಗಿನಿಯರನ್ನು ಅವರು ಮತ್ತೆ ಮತ್ತೆ ನೆನೆದಿದ್ದಾರೆ. ಸೋನಿಯಾ ಸೊಟೊಮಯೋರ್ ಅವರು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಧರ್ಮಕೇಂದ್ರದ ಶಾಲೆಯಲ್ಲಿ ಕಲಿತರು. ಒಂಬತ್ತನೇ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಅವರನ್ನು ದಾದಿಯಾಗಿದ್ದ ತಾಯಿ ದುಡಿದು ಓದಿಸಿದರು. ಅಲ್ಲಿನ ಶಿಸ್ತು ಕಠಿಣವಾಗಿತ್ತೆಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆದರೂ 2013ರಲ್ಲಿ ಆ ಶಾಲೆ ಮುಚ್ಚಿದಾಗ ಅತೀವ ದುಃಖ ವ್ಯಕ್ತಪಡಿಸಿದರು. ತೀರ್ಪುಗಳಲ್ಲಿ ಇವರಿಬ್ಬರೂ ಹೆಚ್ಚಾಗಿ ಭಿನ್ನ ದಾರಿ ಹಿಡಿಯುವವರು. ಬಾಲ್ಯದ ಶಾಲೆಯ ಋಣದ ವಿಷಯದಲ್ಲಿ ಮಾತ್ರ ಒಂದೇ ಮಾತು.

ಪೋಷಕರ ಆತಂಕಗಳು

‘ನೀವು ಹೇಳುವುದೆಲ್ಲ ಸರಿ ಫಾದರ್, ಆದರೆ ನಮ್ಮ ಧರ್ಮಕೇಂದ್ರದ ಶಾಲೆ ಕನ್ನಡ ಮಾಧ್ಯಮ. ಇಂಗ್ಲಿಷ್ ಇಲ್ಲದೆ ಮಗು ಮುಂದೆ ಏನು ಮಾಡಬೇಕು?’ ಇದು ನ್ಯಾಯವಾದ ಆತಂಕ, ಇದನ್ನು ತಳ್ಳಿಹಾಕುವಂತಿಲ್ಲ. ಪ್ರಾಥಮಿಕ ಹಂತದಲ್ಲಿ ಮಾಧ್ಯಮದ ಆಯ್ಕೆ ಪೋಷಕರದ್ದು ಎಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪ್ರಕರಣದಲ್ಲೇ ತೀರ್ಪು ಕೊಟ್ಟಿದೆ. ಆಯ್ಕೆ ನಮ್ಮದೆಂದ ಮೇಲೆ ಯೋಚನೆಯ ಹೊಣೆಯೂ ನಮ್ಮದೇ. ದೆ ಲಾ ಸಾಲ್ ಅವರು ಕಂಡುಕೊಂಡದ್ದನ್ನು ನೆನೆಯೋಣ: ಮನೆಮಾತಿನಲ್ಲಿ ಓದಲು ಕಲಿತ ಮಗುವಿಗೆ ಎರಡನೇ ಭಾಷೆ ಸುಲಭ, ಯಾವುದರಲ್ಲೂ ಸರಿಯಾಗಿ ಓದಲಾರದ ಮಗುವಿಗೆ ಎಲ್ಲವೂ ಕಷ್ಟ. ಕನ್ನಡ ಮಾಧ್ಯಮದ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲಾಗುತ್ತದೆ. ಅದನ್ನು ಚೆನ್ನಾಗಿ ಕಲಿಸಿ ಎಂದು ಶಾಲೆಯನ್ನು ಕೇಳುವ ಹಕ್ಕು ನಿಮಗಿದೆ, ಕೇಳಿ. ಇಂಗ್ಲಿಷ್ ಮಾಧ್ಯಮವನ್ನೇ ಆರಿಸಿದರೆ, ಮನೆಯಲ್ಲಿ ಕನ್ನಡದ ಪ್ರಾರ್ಥನೆ, ಕನ್ನಡದ ಓದು ನಿಲ್ಲದಂತೆ ನೋಡಿಕೊಳ್ಳಿ. ಅಜ್ಜಿಯ ಜೊತೆ ಜಪಸರ ಹೇಳಲಾರದ ಮೊಮ್ಮಗು ಏನನ್ನೋ ಕಳೆದುಕೊಂಡಿರುತ್ತದೆ.

ಇನ್ನೊಂದು ಪ್ರಶ್ನೆ: ಕಥೋಲಿಕ ಶಾಲೆ ಎಂಬ ಫಲಕ ಇದ್ದರೆ ಸಾಕೇ? ಸಾಲದು. ಸಂತರ ಹೆಸರಿಟ್ಟುಕೊಂಡು ಅಂಕಗಳನ್ನೂ ಡೊನೇಷನ್ನನ್ನೂ ಮಾತ್ರ ಎಣಿಸುವ ಶಾಲೆಯಿಂದ ಮೇಲೆ ಹೇಳಿದ ನಾಲ್ಕರಲ್ಲಿ ಒಂದೂ ಸಿಗಲಾರದು. ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಭಾರತದ ಧರ್ಮಾಧ್ಯಕ್ಷರ ಮಂಡಳಿ 2007ರಲ್ಲಿ ಪ್ರಕಟಿಸಿದ ಶಿಕ್ಷಣ ನೀತಿ, ಬಡವರಿಗೂ ದಲಿತರಿಗೂ ಆದಿವಾಸಿಗಳಿಗೂ ಆದ್ಯತೆ ಕೊಡಬೇಕೆಂದು ನೆನಪಿಸಿದೆ. ಆ ಹಕ್ಕಿಗೆ ಅರ್ಥ ಬರುವುದು ಈ ಆದ್ಯತೆ ನಡೆದಾಗ ಮಾತ್ರ.

ಶಾಲೆಯ ಜೊತೆ ಮನೆ

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆ, ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ಸಾರುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ ಮಕ್ಕಳನ್ನು ಕಥೋಲಿಕ ಶಿಕ್ಷಣ ದೊರೆಯುವ ಶಾಲೆಗೆ ಕಳುಹಿಸಲು ಹೇಳಿ, ಅದು ಸಾಧ್ಯವಾಗದಿದ್ದರೆ ಆ ಶಿಕ್ಷಣವನ್ನು ಶಾಲೆಯ ಹೊರಗೆ ಕೊಡಿಸುವ ಹೊಣೆ ತಂದೆತಾಯಿಗಳದ್ದೇ ಎನ್ನುತ್ತದೆ (798). ಹತ್ತಿರದಲ್ಲಿ ನಮ್ಮ ಶಾಲೆಯೇ ಇಲ್ಲದ ಕುಟುಂಬಗಳೂ ಇವೆ. ಅವರಿಗೂ ದಾರಿ ಮುಚ್ಚಿಲ್ಲ. ಶಾಲೆ ಯಾವುದೇ ಆದರೂ ನಾವು ಮಾಡಬಹುದಾದ ಕೆಲವು ಕೆಲಸಗಳು ಇಲ್ಲಿವೆ:

1. ದಿನವೂ ಹದಿನೈದು ನಿಮಿಷ ಮಗುವಿನಿಂದ ಗಟ್ಟಿಯಾಗಿ ಓದಿಸಿ. ಟಿವಿ, ಮೊಬೈಲು ಆ ಹೊತ್ತು ಮೌನವಾಗಿರಲಿ. ನಿಮಗೆ ಓದು ಬಾರದಿದ್ದರೂ ಪಕ್ಕದಲ್ಲಿ ಕುಳಿತು ಕೇಳಿ.

2. ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಒಂದು ಭಾಗವನ್ನು ಮಗುವಿಗೇ ಬಿಡಿ.

3. ಬೇರೆ ಶಾಲೆಗೆ ಹೋಗುವ ಮಕ್ಕಳನ್ನು ಭಾನುವಾರದ ಧರ್ಮೋಪದೇಶಕ್ಕೆ ತಪ್ಪದೆ ಕಳುಹಿಸಿ. ಟ್ಯೂಷನ್ ಇದೆ ಎಂಬ ನೆಪ ಬೇಡ.

4. ಪೋಷಕರ ಸಭೆಗೆ ತಂದೆ, ತಾಯಿ ಇಬ್ಬರೂ ಹೋಗಿ. ಅಂಕಗಳನ್ನು ಕೇಳುವ ಮುಂಚೆ, ‘ನಮ್ಮ ಮಗು ಇತರರೊಡನೆ ಹೇಗಿರುತ್ತದೆ?’ ಎಂದು ಕೇಳಿ.

5. ಧರ್ಮಕೇಂದ್ರದ ಶಾಲೆಯಲ್ಲಿ ಓದಿ ಇಂದು ಒಳ್ಳೆಯ ಸ್ಥಿತಿಯಲ್ಲಿರುವವರು ಒಂದು ಬಡ ಮಗುವಿನ ವರ್ಷದ ಖರ್ಚನ್ನು ಹೊರಲಿ. ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಮೂಲಕವೂ ಇದನ್ನು ಸದ್ದಿಲ್ಲದೆ ಮಾಡಬಹುದು.

ಮುಚ್ಚುವ ಹಂತಕ್ಕೆ ಬಂದ ಶಾಲೆ ನಿಮ್ಮ ಧರ್ಮಕೇಂದ್ರದಲ್ಲಿದ್ದರೆ, ಬೀಗ ಬಿದ್ದ ಮೇಲೆ ನೆನಪಿನ ಸಂಚಿಕೆ ಹೊರತರುವುದರಿಂದ ಫಲವಿಲ್ಲ. ಪಾಲನಾ ಸಮಿತಿಯಲ್ಲಿ ಈಗಲೇ ವಿಷಯ ಎತ್ತಿ. ಎಷ್ಟು ಮಕ್ಕಳಿದ್ದಾರೆ, ಏನು ಕೊರತೆ, ಯಾರು ಏನು ಕೊಡಬಲ್ಲರು ಎಂದು ಲೆಕ್ಕ ಹಾಕಿ. ಕೆಲವು ಶಾಲೆಗಳನ್ನು ಉಳಿಸಲಾಗದೆ ಇರಬಹುದು. ಆದರೆ ಯಾರೂ ಕೇಳಲಿಲ್ಲ ಎಂಬ ಕಾರಣಕ್ಕೆ ಒಂದು ಶಾಲೆಯೂ ಮುಚ್ಚದಿರಲಿ.

ಮಕ್ಕಳನ್ನು ಹತ್ತಿರಕ್ಕೆ ಕರೆದು, ತಡೆದವರನ್ನು ಗದರಿಸಿ, ಆ ಪುಟ್ಟ ತಲೆಗಳ ಮೇಲೆ ಕೈಯಿಟ್ಟು ಆಶೀರ್ವದಿಸಿದ ಪ್ರಭು ಯೇಸು (ಮಾರ್ಕ 10:13-16) ನಮ್ಮ ಮಕ್ಕಳನ್ನೂ, ಅವರಿಗೆ ಅಕ್ಷರ ಕಲಿಸುವವರನ್ನೂ ಹರಸಲಿ. ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರು ನಮ್ಮ ಮನೆಗಳಿಗಾಗಿ ಬಿನ್ನವಿಸಲಿ. ನಿಮ್ಮೆಲ್ಲರಿಗೂ ಹಬ್ಬದ ಶುಭಾಶಯಗಳು.